ಚೊಗರಿನ ಬಣ್ಣ, ಕೈಯ ಬಣ್ಣ

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಒಂದು ಚಿತ್ರ ಕಳಿಸಿದ್ದಳು. ಅಂಗಡಿಯೊಂದರಲ್ಲಿ ತೂಗುಹಾಕಿದ್ದ ಕಂದುಗೆಂಪು ಬಣ್ಣದ ಕೈಮಗ್ಗದ ಅಂಗಿ. ಅದರ ಕೊರಳಪಟ್ಟಿಗೆ ಕಟ್ಟಿದ ಚೀಟಿಯಲ್ಲಿ "ಅಡಿಕೆಯ ನೈಸರ್ಗಿಕ ಬಣ್ಣ" ಎಂಬ ಬರಹ. "ಸಾರ್, ಇದು ನಿಜವೇ? ನಮ್ಮ ಮನೆಯ ಹಂಡೆಯಲ್ಲಿ ಉಳಿಯುತ್ತಿದ್ದ ಚೊಗರೇ ಇದು? ಅದನ್ನು ಅಮ್ಮ ಎಷ್ಟೋ ಸಲ ತೋಟದ ಕಾಲುವೆಗೆ ಚೆಲ್ಲಿದ್ದನ್ನು ಕಂಡಿದ್ದೇನೆ" ಎಂದು ಕೇಳಿದ್ದಳು.

ನಿಜ, ಅದೇ ಚೊಗರು. ಅವಳಿಗೆ ಅಂದೇ ಎರಡು ಸಾಲಿನ ಉತ್ತರ ಬರೆದೆ. ಆದರೆ ಈ ವಿಷಯ ಎರಡು ಸಾಲಿಗೆ ಮುಗಿಯುವಂಥದಲ್ಲ. ಬಿಸಾಡುವ ಸಿಪ್ಪೆಯಲ್ಲೂ ಹೊಟ್ಟಿನಲ್ಲೂ ಬಣ್ಣವಿರುವುದು ಹೇಗೆ, ಅದನ್ನು ತೆಗೆಯುವ ಬಗೆ ಯಾವುದು, ಅದರಿಂದ ಯಾರಿಗೆ ಏನು ದಕ್ಕೀತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆನಿಸಿತು. ವಿಜ್ಞಾನದ ಮೇಷ್ಟರ ಚಾಳಿ ನಿವೃತ್ತಿಯ ನಂತರವೂ ಬಿಡುವುದಿಲ್ಲವೆಂಬುದನ್ನು ನೀವೆಲ್ಲರೂ ಬಲ್ಲಿರಿ. ನಡುವೆ ಒಂದಿಷ್ಟು ಪಾಠ ನುಸುಳಿದರೆ ಸಹಿಸಿಕೊಳ್ಳಿ.

ಮಲೆನಾಡಿನವರಲ್ಲದ ಬಂಧುಗಳಿಗಾಗಿ ಮೊದಲು ಚೊಗರಿನ ಪರಿಚಯ. ಕರಾವಳಿಯ ಕಡೆ ಅಡಿಕೆ ಹಣ್ಣಾದ ಮೇಲೆ ಕೊಯ್ದು, ಸಿಪ್ಪೆಸಹಿತ ಒಣಗಿಸಿ, ಆಮೇಲೆ ಸುಲಿದು ಚಾಲಿ ಮಾಡುವ ರೂಢಿ. ನಮ್ಮ ಸಾಗರ, ತೀರ್ಥಹಳ್ಳಿ ಕಡೆಯಲ್ಲಿ ಕೆಂಪಡಿಕೆಗೆ ಹಸಿರುಕಾಯಿಯನ್ನೇ ಕೊಯ್ಯುತ್ತಾರೆ. ಕೊನೆಗೌಡ ಮರವೇರಿ ಇಳಿಸಿದ ಕೊನೆಗಳಿಂದ ಕಾಯಿ ಬಿಡಿಸಿ, ಅಂದೇ ಅಥವಾ ಮರುದಿನವೇ ಸುಲಿದು, ಹಂಡೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸುತ್ತಾರೆ. ಬೇಯಿಸಿದ ನೀರು ಕೆಂಪಾಗುತ್ತದೆ. ಮರುದಿನದ ಅಡಿಕೆಗೂ ಆ ನೀರನ್ನೇ ಬಳಸುತ್ತಾರೆ. ಹೀಗೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗಿ, ಸುಗ್ಗಿಯ ಕೊನೆಗೆ ಹಂಡೆಯ ತಳದಲ್ಲಿ ಬೆಲ್ಲದ ಪಾಕದಂತೆ ಉಳಿಯುವ ಕಡುಗೆಂಪು ದ್ರವವೇ ಚೊಗರು. ಅಡಿಕೆಗೆ ಕೆಂಪು ಹೊಳಪು ಬರುವುದು ಇದರಿಂದ. ಉಳಿದದ್ದನ್ನು ಕೆಲವರು ಮುಂದಿನ ವರ್ಷಕ್ಕೆಂದು ಎತ್ತಿಡುತ್ತಿದ್ದರು, ಕೆಲವರು ಮಾರುತ್ತಿದ್ದರು, ಬಹಳ ಮಂದಿ ಚೆಲ್ಲುತ್ತಿದ್ದರು.

ಇನ್ನು ಸಿಪ್ಪೆಯ ಮಾತು. ಹಸಿ ಅಡಿಕೆಕಾಯಿಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ. ಒಂದು ಕ್ವಿಂಟಾಲ್ ಕಾಯಿ ಸುಲಿದರೆ ಅರ್ಧಕ್ಕಿಂತ ಹೆಚ್ಚು ಭಾಗ ಅಂಗಳದ ಮೂಲೆಗೆ ಹೋಗುತ್ತದೆ. ನಾರು ಹೆಚ್ಚು, ಕೊಳೆಯುವುದು ನಿಧಾನ. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಹೋದವರು ಆ ರಾಶಿಗಳನ್ನೂ, ಅವಕ್ಕೆ ಬೆಂಕಿಯಿಟ್ಟ ಹೊಗೆಯನ್ನೂ ಕಂಡಿರುತ್ತೀರಿ.

ಈಗ ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ.

ಅದು 1984ರ ಚಳಿಗಾಲ. ನಾನು ಸಾಗರ ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ಆಗ ಅಡಿಕೆ ಸುಲಿಯುವ ಯಂತ್ರಗಳು ಬಂದಿರಲಿಲ್ಲ. ಮೆಟ್ಟುಗತ್ತಿಯ ಮಣೆಯ ಮೇಲೆ ಕುಳಿತು, ಒಂದೊಂದೇ ಕಾಯಿಯನ್ನು ಅಲಗಿಗೆ ಒತ್ತಿ ಸುಲಿಯಬೇಕು. ಸುಗ್ಗಿಯ ಎರಡು ಮೂರು ತಿಂಗಳು ದೊಡ್ಡ ಮನೆಗಳ ಅಂಗಳಗಳಲ್ಲಿ ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲಿ ನಡುರಾತ್ರಿಯವರೆಗೂ ಸುಲಿತ ನಡೆಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅದೊಂದು ಸೊಗಸು; ಹಾಡು, ಹರಟೆ, ಯಕ್ಷಗಾನದ ಮಾತು, ನಡುವೆ ಬೆಲ್ಲದ ಕಾಫಿ. ಸುಲಿಯುವವರಿಗೆ ಅದು ಅಳತೆಯ ಲೆಕ್ಕದ ಕೂಲಿ. ಎಷ್ಟು ಸುಲಿದರೆ ಅಷ್ಟೇ ಹಣ. ಆದ್ದರಿಂದ ತಾಯಂದಿರು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹೆಸರು ಬೇಡ. ಲೆಕ್ಕದಲ್ಲಿ ಚುರುಕು. ದೀಪಾವಳಿ ಕಳೆದ ಮೇಲೆ ಅವಳು ಕೈಯೆತ್ತುವುದನ್ನು ನಿಲ್ಲಿಸಿದಳು. ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ; ಎರಡೂ ಕೈಗಳನ್ನು ಪಾಟೀಚೀಲದ ಅಡಿಯಲ್ಲಿ ಇಟ್ಟುಕೊಂಡೇ ಕೂರುತ್ತಿದ್ದಳು. ಕಾರಣ ನನಗೆ ತಿಳಿಯದ್ದೇನಲ್ಲ. ಮಣಿಕಟ್ಟಿನವರೆಗೆ ಅವಳ ಕೈ ಕಪ್ಪಾಗಿತ್ತು. ಉಗುರಿನ ಸಂದಿಯಂತೂ ಶಾಯಿಯಲ್ಲಿ ಅದ್ದಿದಂತೆ. ಅಡಿಕೆ ಸುಲಿಯುವವರೆಲ್ಲರ ಕೈಯೂ ಹಾಗೆಯೇ ಆಗುತ್ತದೆ. ಎಷ್ಟು ತಿಕ್ಕಿ ತೊಳೆದರೂ ಸುಗ್ಗಿ ಮುಗಿಯುವವರೆಗೆ ಹೋಗುವುದಿಲ್ಲ. ಅದೇ ತರಗತಿಯಲ್ಲಿ ಕುಳಿತಿದ್ದ ತೋಟದ ಮನೆಗಳ ಹುಡುಗರ ಕೈಗಳು ಬೆಳ್ಳಗಿದ್ದವು. ಅವಳು ರಾತ್ರಿ ಸುಲಿದ ಅಡಿಕೆ ಅವರದೇ ಮನೆಯದಾಗಿರುತ್ತಿತ್ತು.

ಒಂದು ದಿನ ಶಾಲೆಯ ತಪಾಸಣೆಗೆಂದು ಬಂದ ಹಿರಿಯರೊಬ್ಬರು ಮಕ್ಕಳ ಸ್ವಚ್ಛತೆ ನೋಡಲು ಎಲ್ಲರಿಗೂ ಕೈ ಚಾಚಲು ಹೇಳಿದರು. ಅವಳ ಕೈ ಕಂಡದ್ದೇ, "ಏನಮ್ಮ ಇದು, ನೀರು ಕಾಣದ ಕೈ? ಸಾಬೂನು ಹಾಕಿ ತೊಳೆದುಕೊಂಡು ಬರಬಾರದೇ?" ಎಂದರು. ತರಗತಿ ನಕ್ಕಿತು. "ಇದು ಕೊಳೆಯಲ್ಲ ಸಾರ್, ಅಡಿಕೆ ಸುಲಿದ ಕಲೆ" ಎಂದು ನಾನು ಅಲ್ಲಿಯೇ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಮರುದಿನ ಅವಳು ಶಾಲೆಗೆ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಸಂಜೆ ಅವಳ ಮನೆಗೆ ಹೋಗಿ, ತಾಯಿಯೊಡನೆ ಮಾತನಾಡಿ, ನಾಳೆ ಒಂದು ಪ್ರಯೋಗವಿದೆ, ಇವಳು ಇಲ್ಲದಿದ್ದರೆ ಆಗುವುದಿಲ್ಲ ಎಂದು ಹೇಳಿ ಬಂದೆ.

ಪ್ರಯೋಗ ಬಹಳ ಸರಳವಾದದ್ದು. ಒಂದು ಬಾಟಲಿ ಚೊಗರು, ಬಿಳಿಯ ಹತ್ತಿಬಟ್ಟೆಯ ನಾಲ್ಕು ತುಂಡು, ಒಂದಿಷ್ಟು ಪಟಿಕ, ಒಂದು ಚಿಟಿಕೆ ಅನ್ನಭೇದಿ, ಒಂದು ನಿಂಬೆಹಣ್ಣು. ನಾಲ್ಕೂ ತುಂಡುಗಳನ್ನು ಬಿಸಿ ಚೊಗರಿನಲ್ಲಿ ನೆನೆಸಿ ತೆಗೆದೆವು. ಒಂದನ್ನು ಹಾಗೆಯೇ ಬಿಟ್ಟೆವು, ಕಂದುಗೆಂಪು. ಎರಡನೆಯದನ್ನು ಪಟಿಕದ ನೀರಿಗೆ ಹಾಕಿದೆವು. ಬಣ್ಣ ತಿಳಿಯಾಗಿ ಹೊಳಪೇರಿತು. ಮೂರನೆಯದನ್ನೂ ನಾಲ್ಕನೆಯದನ್ನೂ ಅನ್ನಭೇದಿಯ ನೀರಿಗೆ ಹಾಕಿದೆವು. ಮಕ್ಕಳು ನೋಡುತ್ತಿದ್ದಂತೆಯೇ ಅವು ಕಪ್ಪಿಟ್ಟವು. "ಇದು ಯಾವ ಬಣ್ಣ?" ಎಂದು ಕೇಳಿದೆ. ಯಾರೋ ಮೆಲ್ಲಗೆ "ಅವಳ ಕೈ ಬಣ್ಣ" ಎಂದರು. ಈ ಸಲ ಯಾರೂ ನಗಲಿಲ್ಲ.

ಅಡಿಕೆಯಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವಿದೆ. ಗಾಳಿಗೆ ತೆರೆದುಕೊಂಡಾಗ ಅದು ತಾನಾಗಿಯೇ ಕಂದುಗೆಂಪಾಗುತ್ತದೆ. ಕಬ್ಬಿಣದ ಅಂಶ ಸೇರಿದರೆ ಕಪ್ಪಾಗುತ್ತದೆ. ಮೆಟ್ಟುಗತ್ತಿಯ ಅಲಗು ಕಬ್ಬಿಣದ್ದು. ಹಸಿಕಾಯಿಯ ರಸ, ಕಬ್ಬಿಣ, ಕೈಯ ಚರ್ಮ ಮೂರೂ ರಾತ್ರಿಯಿಡೀ ಸೇರಿದ ಫಲ ಆ ಕಪ್ಪು. ಚರ್ಮವು ರೇಷ್ಮೆಯಂತೆ, ಉಣ್ಣೆಯಂತೆ ಪ್ರೋಟೀನಿನಿಂದಾದದ್ದು. ಟ್ಯಾನಿನ್ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಚರ್ಮ ಹದಮಾಡುವವರು ಮರದ ತೊಗಟೆಯ ಒಗರನ್ನು ಬಳಸುವುದೂ ಇದೇ ಕಾರಣಕ್ಕೆ. ಇಷ್ಟನ್ನು ಹೇಳಿ, ನಿಂಬೆಹಣ್ಣು ಏಕೆ ತಂದಿದ್ದೇನೆಂದು ಕೇಳಿದೆ. ಆ ಹುಡುಗಿ ಎದ್ದು ನಿಂತು, "ಕಪ್ಪು ಬಟ್ಟೆಗೆ ಹಿಂಡಿದರೆ ತಿಳಿಯಾಗ್ತದೆ ಸಾರ್. ನಮ್ಮಮ್ಮ ಮದುವೆಗೆ ಹೋಗೋ ಮುಂಚೆ ನಿಂಬೆಹಣ್ಣು ತಿಕ್ಕಿಕೊಳ್ತಾಳೆ. ಕಪ್ಪು ಹೋಗ್ತದೆ, ಕೆಂಪು ಹೋಗೋದಿಲ್ಲ" ಎಂದಳು. ಹುಳಿ ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ, ಟ್ಯಾನಿನ್ ಉಳಿಯುತ್ತದೆ ಎಂಬ ಪಾಠವನ್ನು ನಾನು ಹೇಳುವ ಮೊದಲೇ ಅವಳು ಹೇಳಿ ಮುಗಿಸಿದ್ದಳು. ನಾಲ್ಕನೆಯ ತುಂಡಿಗೆ ನಿಂಬೆ ಹಿಂಡಿದೆವು. ಅವಳು ಹೇಳಿದಂತೆಯೇ ಆಯಿತು.

ನಮ್ಮ ಹಿರಿಯರು ಇದೇ ಒಗರು ಮತ್ತು ಕಬ್ಬಿಣದ ನಂಟನ್ನು ಅಳಲೆಕಾಯಿಯಲ್ಲಿ ಕಂಡುಕೊಂಡು ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದರು. ಆಂಧ್ರದ ಕಲಂಕಾರಿ ಕುಶಲಕರ್ಮಿಗಳು ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸಿ, ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರುಗಳನ್ನು ಹುಳಿಬರಿಸಿ ತೆಗೆದ ದ್ರವದಿಂದ ಕಪ್ಪು ಗೆರೆ ಎಳೆಯುತ್ತಾರೆ. ಆ ಹುಡುಗಿಯ ಕೈಯಲ್ಲಿ ನಡೆದದ್ದಕ್ಕೂ ಆ ಕಲೆಗೂ ರಸಾಯನಶಾಸ್ತ್ರದ ಮಟ್ಟಿಗೆ ಭೇದವಿಲ್ಲ.

ಅವಳು ಹತ್ತನೆಯ ತರಗತಿಯನ್ನು ಮುಗಿಸಿದಳು. ಮುಂದೆ ಓದಲಿಲ್ಲ, ಮನೆಯ ಪರಿಸ್ಥಿತಿ ಹಾಗಿತ್ತು. ಬಹಳ ವರ್ಷಗಳ ನಂತರ, ನಾನು ನಿವೃತ್ತನಾದ ಮೇಲೆ, ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿ ಕಾಲಿಗೆ ನಮಸ್ಕರಿಸಿದಳು. ಸುಗ್ಗಿಯ ಕಾಲ. ನನ್ನ ಕಣ್ಣು ಅರಿವಿಲ್ಲದೆಯೇ ಅವಳ ಕೈಯತ್ತ ಹೋಗಿರಬೇಕು. "ಈಗ ಕೈ ಚೊಕ್ಕಟ ಸಾರ್. ಮಿಷನ್ನು ಬಂತಲ್ಲ, ಸುಲಿಯೋಕೆ ಯಾರೂ ಕರೆಯೋದಿಲ್ಲ" ಎಂದು ನಕ್ಕಳು. ಸುಗ್ಗಿಯ ಮೂರು ತಿಂಗಳ ಆ ಕೂಲಿಯಲ್ಲಿಯೇ ತನ್ನ ಮಕ್ಕಳ ವರ್ಷದ ಪುಸ್ತಕ, ಬಟ್ಟೆ ಆಗುತ್ತಿತ್ತೆಂದೂ ಹೇಳಿದಳು. ಯಂತ್ರದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆ ಮಣೆಯ ಮೇಲೆ ಕುಳಿತು ಬೆನ್ನು ನೋಯಿಸಿಕೊಂಡವರು ಯಾರೂ ಅದನ್ನು ಬಯಸಿ ಮಾಡುತ್ತಿರಲಿಲ್ಲ. ಆದರೆ ಆ ದುಡಿಮೆಯ ಜಾಗಕ್ಕೆ ಬೇರೇನೂ ಬಂದಿರಲಿಲ್ಲ.

ಆ ಭೇಟಿಯ ನಂತರವೇ ನಾನು ಚೊಗರಿನ ವಿಷಯವನ್ನು ಮತ್ತೆ ಕೈಗೆತ್ತಿಕೊಂಡದ್ದು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭವಾದ 'ಚರಕ' ಮಹಿಳಾ ಸಹಕಾರ ಸಂಘ ಹಳ್ಳಿಯ ಹೆಣ್ಣುಮಕ್ಕಳಿಂದ ಕೈಮಗ್ಗದ ಬಟ್ಟೆ ನೇಯಿಸಿ, ಚೊಗರು, ದಾಳಿಂಬೆ ಸಿಪ್ಪೆ ಮೊದಲಾದವುಗಳಿಂದ ಬಣ್ಣ ಹಾಕುವ ಕೆಲಸವನ್ನು ನಾಡಿಗೇ ತೋರಿಸಿಕೊಟ್ಟಿತು. ನಮ್ಮೂರ ಹಂಡೆಯ ತಳದ ವಸ್ತುವಿಗೆ ಅಂಗಿಯ ಮೇಲೆ ಮರ್ಯಾದೆ ದೊರೆತದ್ದು ಅಂಥ ಪ್ರಯತ್ನಗಳಿಂದ. ನಾನು ಮಾಡಿದ್ದು ಮನೆಯ ಹಿತ್ತಿಲಿನ ಸಣ್ಣ ಪ್ರಯೋಗಗಳು ಮಾತ್ರ. ಮನೆಯಾಕೆಯ ಹಳೆಯ ಪಾತ್ರೆಗಳೆರಡು ಅದಕ್ಕೆ ಬಲಿಯಾದವು.

ಅಡಿಕೆಯ ಹಸಿ ಸಿಪ್ಪೆಯನ್ನೇ ಬೇಯಿಸಿ ನೋಡಿದೆ. ನನ್ನ ಪಾತ್ರೆಯಲ್ಲಿ ಬಂದದ್ದು ಮಾಸಲು ಖಾಕಿ. ಚೊಗರಿನ ಗಾಢತೆ ಅದಕ್ಕಿಲ್ಲ. ಹುಣಸೆಬೀಜದ ಹೊಟ್ಟು ಇನ್ನೂ ಸ್ವಾರಸ್ಯಕರ. ಚೌಕಾಬಾರದ ಆಟಕ್ಕೆ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿದವರಿಗೆಲ್ಲ ಗೊತ್ತು, ಹೊರಗೆ ಕಂದುಗೆಂಪು, ಒಳಗೆ ಬಿಳಿ. ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಈ ಹೊರಗವಚ. ಒಳಗಿನ ಬೇಳೆಯ ಹಿಟ್ಟಿಗೆ ಒಳ್ಳೆಯ ಬೇಡಿಕೆಯಿದೆ. ನೂಲಿಗೆ ಗಂಜಿ ಹಾಕಲು ಅದು ಬೇಕು. ನಮ್ಮ ಚಿತ್ರದುರ್ಗ ಸೀಮೆಯ ಕಂಬಳಿ ನೇಯುವವರು ಉಣ್ಣೆಯ ಹಾಸಿಗೆ ಹುಣಸೆಬೀಜದ ಅಂಬಲಿಯನ್ನೇ ಬಳಿಯುತ್ತ ಬಂದವರು. ಬೀಜವನ್ನು ಹುರಿದು ಹೊಟ್ಟು ಬೇರ್ಪಡಿಸುತ್ತಾರೆ. ಆ ಹೊಟ್ಟಿನಲ್ಲಿಯೂ ಅಡಿಕೆಯಲ್ಲಿರುವ ಜಾತಿಯದೇ ಒಗರಿದೆ. ಬೇಯಿಸಿದರೆ ಇಟ್ಟಿಗೆಯ ಛಾಯೆಯ ಕಂದು ಬಣ್ಣ, ಅನ್ನಭೇದಿ ಸೇರಿದರೆ ಬೂದುಗಪ್ಪು. ಒಂದೇ ಬೀಜ ನೂಲಿಗೆ ಗಂಜಿಯನ್ನೂ ಬಣ್ಣವನ್ನೂ ಕೊಡಬಲ್ಲದೆಂಬುದು ನನಗೆ ಬಹಳ ಮೆಚ್ಚುಗೆಯಾಯಿತು. ಕಡಲೆಕಾಯಿ ಬೀಜದ ಮೇಲಿನ ಕೆಂಪು ಪೊರೆಯೂ ಇದೇ ಕುಲದ್ದು.

ದಾಳಿಂಬೆಯ ಸಿಪ್ಪೆ ಬೀಜದ ಹೊಟ್ಟಲ್ಲ, ಹಣ್ಣಿನ ಹೊದಿಕೆ, ಆದರೂ ಬಿಡಲಾಗದು. ಅದರ ಟ್ಯಾನಿನ್ ಬೇರೆ ಬಗೆಯದು. ಪಟಿಕದೊಡನೆ ಅದು ಹಳದಿ ಕೊಡುತ್ತದೆ, ಕಬ್ಬಿಣದೊಡನೆ ಹಸಿರುಬೂದು. ಕುಂಕುಮದ ಮರದ ಕತೆ ಇನ್ನೊಂದು ಬಗೆ. ಬೇಸಿಗೆಯ ಮೊದಲಿಗೆ ನಮ್ಮ ಕಾಡಂಚಿನಲ್ಲಿ ಮೂರು ಹೋಳಿನ ಪುಟ್ಟ ಕಾಯಿಗಳ ಗೊಂಚಲು ಕಾಣುತ್ತದೆ. ಮುಟ್ಟಿದರೆ ಬೆರಳಿಗೆ ಕೆಂಪು ಹುಡಿ. ಮ್ಯಾಲೋಟಸ್ ಫಿಲಿಪೆನ್ಸಿಸ್ ಎಂದು ಶಾಸ್ತ್ರೀಯ ಹೆಸರು. ಆಯುರ್ವೇದದಲ್ಲಿ ಅದೇ ಹುಡಿ ಜಂತುಹುಳುವಿಗೆ ಮದ್ದು. ನೀರಿನಲ್ಲಿ ಅದು ಕರಗುವುದೇ ಇಲ್ಲ. ವಾಷಿಂಗ್ ಸೋಡದಂಥ ಕ್ಷಾರ ಬೆರೆಸಿದರೆ ಮಾತ್ರ ಕಿತ್ತಳೆಗೆಂಪಾಗಿ ಬಿಚ್ಚಿಕೊಂಡು ರೇಷ್ಮೆಗೆ ಸೊಗಸಾಗಿ ಹತ್ತುತ್ತದೆ.

ಮನೆಯಲ್ಲಿ ಮಾಡಿ ನೋಡುವವರಿಗಾಗಿ ಕ್ರಮವನ್ನು ಹೇಳಿಬಿಡುತ್ತೇನೆ. 100 ಗ್ರಾಂ ಹತ್ತಿಬಟ್ಟೆಯನ್ನು ಸೋಡಾ ಹಾಕಿ ಕುದಿಸಿ, ಗಂಜಿ ಜಿಡ್ಡುಗಳನ್ನು ತೊಳೆಯಬೇಕು. ಇದನ್ನು ತಪ್ಪಿಸಿದರೆ ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಅಷ್ಟೇ ತೂಕದ ಅಥವಾ ಅದರ ಎರಡರಷ್ಟು ಒಣಹೊಟ್ಟನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಗಂಟೆ ಕುದಿಸಿ ಸೋಸಬೇಕು. ಒದ್ದೆ ಬಟ್ಟೆಯನ್ನು ಆ ರಸದಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತ ಕಾಯಿಸಿ, ಆರುವವರೆಗೆ ಅಲ್ಲಿಯೇ ಬಿಡಬೇಕು. ಬಳಿಕ ಸುಮಾರು 15 ಗ್ರಾಂ ಪಟಿಕ ಕರಗಿಸಿದ ನೀರು. ಕಪ್ಪು ಛಾಯೆ ಬೇಕಿದ್ದವರು ಪಟಿಕದ ಬದಲು 2 ಗ್ರಾಂ ಅನ್ನಭೇದಿ ಬಳಸಬಹುದು. ಹೆಚ್ಚಾದರೆ ಕಾಲಕ್ರಮದಲ್ಲಿ ಬಟ್ಟೆಯ ನೂಲೇ ಸವೆಯುತ್ತದೆ. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ. ನೆರಳಿನಲ್ಲಿ ಒಣಗಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಲೆಕ್ಕವನ್ನೂ ನೆಟ್ಟಗೆ ಹೇಳಬೇಕು. ಸಿಪ್ಪೆಯಿಂದ ಬಣ್ಣ ತೆಗೆದರೆ ಸಿಪ್ಪೆಯ ರಾಶಿ ಕರಗುತ್ತದೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಕರಗುವುದಿಲ್ಲ. ಬೇಯಿಸಿ ಬಣ್ಣ ತೆಗೆದ ಮೇಲೂ ನಾರು ಬಹುತೇಕ ಹಾಗೆಯೇ ಉಳಿಯುತ್ತದೆ. ಅದರ ದಾರಿ ಗೊಬ್ಬರದ ಗುಂಡಿಯೇ. ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಬಣ್ಣ ಗಟ್ಟಿಯಾಗಲೆಂದು ಕ್ರೋಮಿಯಂ, ತಾಮ್ರದ ಲವಣಗಳನ್ನು ಬಳಸಿ ಆ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದು ವಿಷವೇ. ನೀರು, ಸೌದೆ ಎರಡೂ ಧಾರಾಳವಾಗಿ ಬೇಕು. ಒಂದು ಹಂಡೆಯ ಛಾಯೆ ಇನ್ನೊಂದರಲ್ಲಿ ಬರುವುದಿಲ್ಲ. 1856ರಲ್ಲಿ ಲಂಡನ್ನಿನ ಹದಿನೆಂಟರ ತರುಣ ವಿಲಿಯಂ ಪರ್ಕಿನ್ ಡಾಂಬರಿನ ಉಪವಸ್ತುವಿನಿಂದ ನೇರಳೆ ಬಣ್ಣ ತೆಗೆದ ಮೇಲೆ, 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ, ಗಿಡಮೂಲದ ಬಣ್ಣಗಳು ಹಿಂದೆ ಸರಿದದ್ದು ಬರಿಯ ಮೋಸದಿಂದಲ್ಲ. ಕೃತಕ ಬಣ್ಣ ಅಗ್ಗವಾಗಿತ್ತು, ಒಂದೇ ಸಮನಾಗಿತ್ತು, ಬೇಗ ಹತ್ತುತ್ತಿತ್ತು. ಬಡವರೂ ಬಣ್ಣದ ಸೀರೆ ಉಡುವಂತಾದುದು ಅದರಿಂದ ಎಂಬುದನ್ನು ಮರೆಯಲಾಗದು.

ಆದರೂ ಈ ಕೆಲಸ ಮಾಡತಕ್ಕದ್ದೆಂದು ನಾನು ನಂಬಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಅಡಿಕೆಯಿಂದಲೇ ಓದಿ ಬೆಳೆದ ನಮ್ಮ ಕುಟುಂಬಗಳಿಗೆ ಈ ಮಾತು ಕಹಿ. ಕಹಿಯಾದದ್ದನ್ನು ಕೇಳಿಸಿಕೊಳ್ಳದೆ ಇರುವುದರಿಂದ ಪ್ರಯೋಜನವಿಲ್ಲ. ಜಗಿಯುವುದನ್ನು ಬಿಟ್ಟು ಅಡಿಕೆಗೆ ಬೇರೆ ಯಾವ ಯಾವ ಉಪಯೋಗಗಳುಂಟೆಂಬುದನ್ನು ಹುಡುಕಲೇಬೇಕಾದ ಕಾಲ ಇದು. ಬಣ್ಣವೊಂದೇ ಇಡೀ ಬೆಳೆಯನ್ನು ಹೊರಲಾರದು. ಆದರೆ ಚೆಲ್ಲಿಹೋಗುವ ಚೊಗರಿನಿಂದ ಊರಿನ ಹತ್ತು ಹೆಣ್ಣುಮಕ್ಕಳಿಗೆ ಮೂರು ತಿಂಗಳ ಕೆಲಸ ಹುಟ್ಟಿದರೂ, ಸುಲಿತದ ಕೂಲಿ ಹೋದ ಮನೆಗಳಿಗೆ ಅದು ಸಣ್ಣದಲ್ಲ.

ಅಡಿಕೆ ತೋಟವಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಸಲದ ಕೊನೆಕೊಯ್ಲಿನಲ್ಲಿ ಚೊಗರನ್ನು ಕಾಲುವೆಗೆ ಬಿಡಬೇಡಿ. ಸೋಸಿ, ಕ್ಯಾನಿನಲ್ಲಿ ತುಂಬಿಡಿ. ಕೊಳ್ಳುವವರು ಯಾರು, ದರ ಏನು ಎಂಬುದನ್ನು ನಿಮ್ಮ ಮನೆಗೆ ಹಿಂದೆ ಸುಲಿಯಲು ಬರುತ್ತಿದ್ದವರೊಡನೆ ಕುಳಿತು ಮಾತನಾಡಿ. ಬಟ್ಟೆಗೆ ಹಾಕುವ ಕೆಲಸವನ್ನು ಅವರಿಂದಲೇ ಆರಂಭಿಸಿ. ಯಾವ ಕಾಯಿ ಎಷ್ಟು ಬಣ್ಣ ಬಿಡುತ್ತದೆ, ಯಾವ ಹುಳಿಗೆ ಯಾವ ಕಲೆ ಹೋಗುತ್ತದೆ ಎಂಬುದು ನಮ್ಮೆಲ್ಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪಟಿಕ, ಅನ್ನಭೇದಿಗಳ ಪ್ರಮಾಣದಲ್ಲಿ ತೊಡಕಾದರೆ ನನಗೆ ಫೋನು ಮಾಡಿ. ಕಣ್ಣು ಸ್ವಲ್ಪ ಮಂಜಾಗಿದೆ, ಆದರೆ ತಕ್ಕಡಿ ಹಿಡಿಯಲು ಈಗಲೂ ಬರುತ್ತದೆ.

ಎಲ್ಲರಿಗೂ ಶುಭವಾಗಲಿ.